ಹಳೆಯ ಗೇಮಿಂಗ್ ಕಂಪ್ಯೂಟರ್‌ಗೆ '4 ಜಿಬಿ ಗ್ರಾಫಿಕ್ಸ್ ಕಾರ್ಡ್' ಹಾಕಿಸಿದರೆ ಎಲ್ಲ ಗೇಮ್ ಓಡುತ್ತವೆಯೇ?

"ಹಳೇ ಕಂಪ್ಯೂಟರ್ ಬಿಸಾಕಬೇಡಿ! 4 ಜಿಬಿ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ, ಎಲ್ಲಾ ಗೇಮ್ 60 ಎಫ್‌ಪಿಎಸ್‌ನಲ್ಲಿ ಆಡಿ. ಆಫರ್ ಇವತ್ತು ಮಾತ್ರ." ಕಾರ್ಡಿನ ಫೋಟೊ ಸಮೇತ ಇಂಥದೊಂದು ವಾಟ್ಸ್‌ಆ್ಯಪ್ ಸಂದೇಶವನ್ನು ತುಮಕೂರು ಜಿಲ್ಲೆಯ ಓದುಗರೊಬ್ಬರು ನಮಗೆ ಕಳುಹಿಸಿದ್ದರು. ಅದರ ಕೆಳಗೆ ಅವರದೇ ಮಾತು: "ನನ್ನ ತಮ್ಮ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಗೇಮ್ ಆಡೋಕೆ ಅಂತ ಕಟ್ಟಿಸಿದ್ದ ಕಂಪ್ಯೂಟರ್ ಇದು. ಈಗ ನನ್ನ ಮಗನಿಗೆ ಕೊಟ್ಟಿದಾನೆ. ತುಂಬಾ ಸ್ಲೋ ಅಂತ ಮಗ ದಿನಾ ಗಲಾಟೆ. ಸಂಘದಲ್ಲಿ ಸಾಲ ಎತ್ತಿ ಇದನ್ನ ಕೊಡ್ಸೋಣ ಅಂತಿದೀನಿ. ಇದು ನಿಜಾನಾ, ಸ್ವಲ್ಪ ನೋಡಿ ಹೇಳಿ."

ಕಾರ್ಡ್ ಒಳ್ಳೆಯದೋ ಕೆಟ್ಟದ್ದೋ ಎಂದು ಫೋಟೊ ನೋಡಿ ಹೇಳಬಹುದಿತ್ತು. ಆದರೆ ಆ ಕಂಪ್ಯೂಟರ್‌ಗೆ ಹೊಂದುತ್ತದೋ ಇಲ್ಲವೋ ಎಂದು ಕಂಪ್ಯೂಟರ್ ನೋಡದೆ ಹೇಳಲಾಗದು. ಹಾಗಾಗಿ ನಾಲ್ಕು ಫೋಟೊ ಕೇಳಿದೆವು: ಕ್ಯಾಬಿನೆಟ್ ತೆರೆದಾಗ ಕಾಣುವ ಒಳಭಾಗ, ಎಸ್‌ಎಂಪಿಎಸ್ ಮೇಲಿನ ಲೇಬಲ್, ಗೇಮ್ ಓಡುವಾಗಿನ ಟಾಸ್ಕ್ ಮ್ಯಾನೇಜರ್ ಮತ್ತು ಕಂಪ್ಯೂಟರ್‌ನ ಹಿಂಭಾಗ. ಈ ಲೇಖನ ಆ ನಾಲ್ಕು ಫೋಟೊಗಳ ಸುತ್ತಲೇ ಇದೆ. ನಿಮ್ಮ ಮನೆಯಲ್ಲೂ ಎಂಟು ಹತ್ತು ವರ್ಷ ಹಳೆಯ ಗೇಮಿಂಗ್ ಕಂಪ್ಯೂಟರ್ ಇದ್ದರೆ ಇದೇ ನಾಲ್ಕು ಫೋಟೊ ತೆಗೆದುಕೊಂಡು ಮುಂದೆ ಓದಿ.

ಚಿಕ್ಕದಾಗಿ ಹೇಳುವುದಾದರೆ, ಸಂದೇಶದಲ್ಲಿರುವುದು ಬಹುಪಾಲು ತಪ್ಪು. ಕಾರ್ಡಿನ ಶಕ್ತಿಯನ್ನು ಜಿಬಿ ಒಂದರಿಂದಲೇ ಅಳೆಯಲಾಗದು. ಎಂಥ ಕಾರ್ಡ್ ಹಾಕಬಹುದು ಎಂಬುದನ್ನು ನಿರ್ಧರಿಸುವುದು ನಿಮ್ಮ ಎಸ್‌ಎಂಪಿಎಸ್, ಪ್ರೊಸೆಸರ್, ಮದರ್‌ಬೋರ್ಡ್ ಮತ್ತು ಮಾನಿಟರ್. ಈ ಓದುಗರು ಸಂದೇಶವನ್ನು ನಂಬಿ ಹಣ ಕೊಟ್ಟಿದ್ದರೆ ಅವರ ಬಳಿ ಈಗಾಗಲೇ ಇರುವುದಕ್ಕಿಂತ ನಿಧಾನದ ಕಾರ್ಡ್ ಕೊಂಡಂತಾಗುತ್ತಿತ್ತು.

ಹೆಚ್ಚು ಜಿಬಿ ಇದ್ದರೆ ಹೆಚ್ಚು ಶಕ್ತಿಯೇ?

ಮೊದಲ ಫೋಟೊದಲ್ಲಿ ಕಂಡದ್ದು ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ5-4460 ಪ್ರೊಸೆಸರ್ ಕೂರಿಸಿದ ಎಚ್81 ಮದರ್‌ಬೋರ್ಡ್, 8 ಜಿಬಿಯ ಒಂದೇ ರ್‍ಯಾಮ್ ಪಟ್ಟಿ, ಅಂಗೈಯಷ್ಟು ದಪ್ಪ ಧೂಳು ಮತ್ತು ಎನ್‌ವಿಡಿಯಾದ ಜಿಟಿಎಕ್ಸ್ 750 ಟಿಐ, 2 ಜಿಬಿ. ಸಂದೇಶದಲ್ಲಿ ಮಾರುತ್ತಿದ್ದದ್ದು ಜಿಟಿ 730, 4 ಜಿಬಿ. ಎರಡೂ 2014ರಲ್ಲಿ ಬಂದ ಕಾರ್ಡುಗಳೇ. ಎರಡಕ್ಕಿಂತ ನಾಲ್ಕು ದೊಡ್ಡದು, ಹಾಗಾಗಿ 'ಅಪ್‌ಗ್ರೇಡ್' ಎಂದು ಯಾರಿಗಾದರೂ ಅನಿಸುತ್ತದೆ.

ಗ್ರಾಫಿಕ್ಸ್ ಕಾರ್ಡಿನ ಜಿಬಿ ಎಂದರೆ ಅದರ ಮೆಮೊರಿಯ ಗಾತ್ರ. ಪರದೆಯ ಮೇಲೆ ಬರೆಯಬೇಕಾದ ಗೋಡೆ, ರಸ್ತೆ, ಮುಖ, ಮರ ಇವುಗಳ ಚಿತ್ರಗಳನ್ನು ಕಾರ್ಡ್ ಅಲ್ಲಿ ತುಂಬಿಟ್ಟುಕೊಳ್ಳುತ್ತದೆ. ಅದನ್ನು ಮನೆಯ ಕಣಜ ಎಂದುಕೊಳ್ಳಿ. ಕಣಜ ಎಷ್ಟೇ ದೊಡ್ಡದಿರಲಿ, ಕಾಳು ಹೊರಬರುವ ಬಾಯಿ ಚಿಕ್ಕದಿದ್ದರೆ ಬೀಸುವ ಕಲ್ಲು ಕಾಯುತ್ತ ಕೂರಬೇಕು. ಡಿಡಿಆರ್3 ಮೆಮೊರಿ, 64 ಬಿಟ್ ದಾರಿಯ ಜಿಟಿ 730ರಲ್ಲಿ ಆ ಬಾಯಿಯಿಂದ ಸೆಕೆಂಡಿಗೆ 14.4 ಜಿಬಿ ಮಾಹಿತಿ ಹೊರಬರುತ್ತದೆ. 750 ಟಿಐನಲ್ಲಿ 86.4 ಜಿಬಿ, ಅಂದರೆ ಸರಿಯಾಗಿ ಆರು ಪಟ್ಟು. ಲೆಕ್ಕ ಮಾಡುವ ಕೋರ್‌ಗಳು ಅದರಲ್ಲಿ 384, ಇದರಲ್ಲಿ 640. ಜಿಟಿ 730ರ ಕಣಜದಲ್ಲಿ ಇನ್ನೆರಡು ಜಿಬಿ ಜಾಗ ಇದೆ ನಿಜ, ಆದರೆ ಅಷ್ಟು ಜಾಗ ತುಂಬಬೇಕಾದ ಗೇಮನ್ನು ಅದು ಓಡಿಸಲಾರದು.

ಜೊತೆಗೆ ಇನ್ನೊಂದು ವಿಷಯವನ್ನು ಮಾರುವವರು ಹೇಳುವುದಿಲ್ಲ. ಜಿಟಿ 730ರ ಈ ಕೆಪ್ಲರ್ ಮಾದರಿಗಳಿಗೆ ಹೊಸ ಗೇಮ್‌ಗಳಿಗಾಗಿ ಡ್ರೈವರ್ ಬರುವುದು 2021ರಲ್ಲೇ ನಿಂತಿದೆ. ಭದ್ರತೆಯ ಅಪ್‌ಡೇಟ್‌ಗಳೂ 2024ಕ್ಕೆ ಮುಗಿದವು. ಹೊಳೆಯುವ ಹೊಸ ಡಬ್ಬದಲ್ಲಿ ಬಂದರೂ ಒಳಗಿರುವುದು ಕಂಪನಿ ಕೈಬಿಟ್ಟ ಸಾಮಾನು. ಎರಡನೇ ಮಾನಿಟರ್ ಹಚ್ಚಲು, ಆಫೀಸು ಕೆಲಸಕ್ಕೆ ಅದು ಸಾಕಾಗಬಹುದು. ಗೇಮಿಂಗ್ ಕಾರ್ಡ್ ಎಂದು ಮಾರುವುದು ಮಾತ್ರ ದಾರಿ ತಪ್ಪಿಸುವ ಮಾತು.

ಹಾಗೆಂದು ಜಿಬಿ ಲೆಕ್ಕಕ್ಕೇ ಇಲ್ಲ ಎಂದಲ್ಲ. ಕಾರ್ಡಿಗೆ ಶಕ್ತಿ ಇದ್ದೂ ಮೆಮೊರಿ ಸಾಲದಿದ್ದರೆ ಉಳಿದ ಚಿತ್ರಗಳನ್ನು ಕಂಪ್ಯೂಟರ್‌ನ ರ್‍ಯಾಮ್‌ನಿಂದ ಎಳೆದು ತರಬೇಕಾಗುತ್ತದೆ. ಆಗ ಗೇಮ್ ತಟ್ಟನೆ ನಿಂತು, ಮತ್ತೆ ಓಡಿ, ಮತ್ತೆ ನಿಲ್ಲುತ್ತದೆ. ಇಂದಿನ ದೊಡ್ಡ ಗೇಮ್‌ಗಳನ್ನು 1080ಪಿ ಪರದೆಯಲ್ಲಿ ಆಡಬೇಕೆಂದು ಹೊಸದಾಗಿ ಹಣ ಹಾಕುವವರು 8 ಜಿಬಿಗೆ ಕಡಿಮೆ ಇರುವುದನ್ನು ಕೊಳ್ಳುವ ಮುನ್ನ ಎರಡು ಸಲ ಯೋಚಿಸಬೇಕು ಎಂಬುದು ನಮ್ಮ ಅಭಿಪ್ರಾಯ. ಮೊದಲು ಕಾರ್ಡಿನ ಮಾದರಿ ನೋಡಿ, ನಂತರ ಜಿಬಿ ನೋಡಿ.

ಮಾದರಿಯ ಹೆಸರಿನಲ್ಲೂ ಒಂದು ಮೋಸದ ಹೊಂಡ ಇದೆ. ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಕಾರ್ಡುಗಳು ಸಿಗುತ್ತವೆ. ಜಿಟಿ 1030 ಮೊದಲು ಬಂದದ್ದು ಜಿಡಿಡಿಆರ್5 ಮೆಮೊರಿಯೊಂದಿಗೆ, ಸೆಕೆಂಡಿಗೆ 48 ಜಿಬಿ ವೇಗದಲ್ಲಿ. ನಂತರ 2018ರಲ್ಲಿ ಅದೇ ಹೆಸರಿನಲ್ಲಿ ಡಿಡಿಆರ್4 ಕಾರ್ಡ್ ಬಂತು, ಅದರ ವೇಗ 16.8 ಜಿಬಿ. ಆರ್‌ಟಿಎಕ್ಸ್ 3050ರ 6 ಜಿಬಿ ಮತ್ತು 8 ಜಿಬಿ ನಡುವೆ ಇರುವುದು ಮೆಮೊರಿಯ ವ್ಯತ್ಯಾಸ ಮಾತ್ರವಲ್ಲ, ಕೋರ್‌ಗಳೂ 2304 ಮತ್ತು 2560. ಎಎಂಡಿಯ ಆರ್‌ಎಕ್ಸ್ 580ಗೆ '2048ಎಸ್‌ಪಿ' ಎಂಬ ತಮ್ಮನೊಬ್ಬನಿದ್ದಾನೆ, ಅವನು ನಿಜಕ್ಕೂ ಆರ್‌ಎಕ್ಸ್ 570ರ ಮಟ್ಟದವನು. ಆನ್‌ಲೈನ್ ಜಾಹೀರಾತುಗಳಲ್ಲಿ ಈ ಬಾಲ ಎಷ್ಟೋ ಸಲ ಚಿಕ್ಕ ಅಕ್ಷರದಲ್ಲಿರುತ್ತದೆ, ಕೆಲವು ಸಲ ಇರುವುದೇ ಇಲ್ಲ.

ಎಸ್‌ಎಂಪಿಎಸ್ ಲೇಬಲ್‌ನಲ್ಲಿ ಓದಬೇಕಾದ ಒಂದೇ ಸಾಲು

ಎರಡನೇ ಫೋಟೊ ಬಂದಾಗ ನಮಗೆ ನಿಜಕ್ಕೂ ಗಾಬರಿಯಾಯಿತು. ಲೇಬಲ್ ಮೇಲೆ ದಪ್ಪ ಅಕ್ಷರದಲ್ಲಿ '450 ವ್ಯಾಟ್'. ಕೆಳಗಿನ ಪಟ್ಟಿಯಲ್ಲಿ +12 ವೋಲ್ಟ್ ಎದುರು 16 ಆಂಪಿಯರ್. ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರ್ ಎರಡೂ ಮುಖ್ಯವಾಗಿ ಕರೆಂಟ್ ಎಳೆಯುವುದು ಈ 12 ವೋಲ್ಟ್ ಸಾಲಿನಿಂದಲೇ. ಗುಣಿಸಿ ನೋಡಿ: 12 × 16 = 192 ವ್ಯಾಟ್. ದಪ್ಪ ಅಕ್ಷರದ 450ರಲ್ಲಿ ಗೇಮ್‌ಗೆ ಸಿಗುವುದು ಇಷ್ಟೇ.

ಐ5-4460ರ ಪಾಲು 84 ವ್ಯಾಟ್. ಬೋರ್ಡ್, ಫ್ಯಾನ್, ಹಾರ್ಡ್ ಡಿಸ್ಕ್‌ಗೆ ಸುಮಾರು 40 ಎಂದು ಬಿಟ್ಟರೆ ಕಾರ್ಡಿಗೆ ಉಳಿಯುವುದು 70ರ ಆಸುಪಾಸು. ಈಗಿರುವ 750 ಟಿಐ ಬೇಡುವುದು 60 ವ್ಯಾಟ್, ಹೇಗೋ ನಡೆದಿದೆ. ಇದೇ ಎಸ್‌ಎಂಪಿಎಸ್ ಮೇಲೆ 132 ವ್ಯಾಟ್‌ನ ಆರ್‌ಎಕ್ಸ್ 6600 ಕೂರಿಸಿದರೆ ಗೇಮ್ ಬಿಸಿಯಾಗುತ್ತಿದ್ದಂತೆ ಕಂಪ್ಯೂಟರ್ ತಾನಾಗಿ ಆಫ್ ಆಗಬಹುದು. ಅದು ಒಳ್ಳೆಯ ಪರಿಣಾಮ. ಸುರಕ್ಷಾ ಸರ್ಕಿಟ್ ಸರಿಯಿಲ್ಲದ ಅಗ್ಗದ ಎಸ್‌ಎಂಪಿಎಸ್ ಆದರೆ ಆಫ್ ಆಗುವ ಬದಲು ಸುಟ್ಟುಕೊಂಡು, ಹೋಗುವಾಗ ಬೋರ್ಡ್, ಡಿಸ್ಕ್ ಎಲ್ಲವನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು.

ಕಾರ್ಡ್ ಕೂರುವ ಸ್ಲಾಟ್‌ನಿಂದ ಸಿಗುವುದು ಗರಿಷ್ಠ 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಬೇರೆ ವೈರ್ ಕೊಡಬೇಕು: 6 ಪಿನ್ ಆದರೆ 75 ವ್ಯಾಟ್, 8 ಪಿನ್ ಆದರೆ 150. ಹಳೆಯ ಎಸ್‌ಎಂಪಿಎಸ್‌ನಲ್ಲಿ ಈ ವೈರ್ ಇಲ್ಲದಿದ್ದಾಗ ಅಂಗಡಿಯವರು ಒಂದು ಕನ್ವರ್ಟರ್ ಕೊಟ್ಟು "ಇದ್ರಲ್ಲೇ ಆಗುತ್ತೆ ಬಿಡಿ" ಎನ್ನುತ್ತಾರೆ. ಹಾರ್ಡ್ ಡಿಸ್ಕ್‌ಗೆ ಹೋಗುವ ಸಾಟಾ ಪವರ್ ಕನೆಕ್ಟರ್‌ನ 12 ವೋಲ್ಟ್ ಪಿನ್‌ಗಳು ತಡೆಯುವುದು ಒಟ್ಟು 4.5 ಆಂಪಿಯರ್, ಅಂದರೆ 54 ವ್ಯಾಟ್. ಅದರ ತುದಿಗೆ 75 ಅಥವಾ 150 ವ್ಯಾಟ್ ಎಳೆಯುವ ಪಿನ್ ಹಚ್ಚಿದರೆ ಪ್ಲಾಸ್ಟಿಕ್ ಕರಗುತ್ತದೆ, ಬೆಂಕಿಯೂ ಹತ್ತಬಹುದು. ಈ ಲೇಖನದಲ್ಲಿ ಒಂದೇ ಒಂದು ವಿಷಯ ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ. ಹಾಗೆಯೇ ಪ್ರೊಸೆಸರ್‌ಗೆ ಹೋಗುವ 8 ಪಿನ್ ವೈರ್ ನೋಡಲು ಕಾರ್ಡಿನದರಂತೆಯೇ ಇರುತ್ತದೆ, ಆದರೆ ಅದರ ಪ್ಲಸ್ ಮೈನಸ್ ತಿರುಗುಮುರುಗು. ಸುಲಭವಾಗಿ ಕೂರದ್ದನ್ನು ಒತ್ತಿ ಕೂರಿಸಬೇಡಿ.

"ದೊಡ್ಡ ಎಸ್‌ಎಂಪಿಎಸ್ ಹಾಕಿದರೆ ಕರೆಂಟ್ ಬಿಲ್ ಜಾಸ್ತಿ" ಎಂಬ ಮಾತೂ ಓಡಾಡುತ್ತಿದೆ. ತಪ್ಪು. 550 ವ್ಯಾಟ್ ಎಂಬುದು ಅದು ಕೊಡಬಲ್ಲ ಗರಿಷ್ಠ, ಸದಾ ಎಳೆಯುವುದಲ್ಲ. ಒಳಗಿನ ಭಾಗಗಳು ಕೇಳಿದಷ್ಟು ಮತ್ತು ಬಿಸಿಯಾಗಿ ಪೋಲಾಗುವ ಸ್ವಲ್ಪ, ಅಷ್ಟೇ ಮೀಟರ್‌ನಲ್ಲಿ ಓಡುವುದು. '80 ಪ್ಲಸ್' ಗುರುತು ಇದ್ದರೆ ಪೋಲಾಗುವುದು ಕಡಿಮೆ. ಬಿಲ್ ಏರಿಸುವುದು ಕಾರ್ಡ್. ಹೊಸ ಕಾರ್ಡ್ ಹಳೆಯದಕ್ಕಿಂತ 100 ವ್ಯಾಟ್ ಹೆಚ್ಚು ಎಳೆದು, ದಿನಕ್ಕೆ ನಾಲ್ಕು ಗಂಟೆ ಆಡಿದರೆ ತಿಂಗಳಿಗೆ 12 ಯೂನಿಟ್. ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವ ಮನೆಯವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಳ್ಳೆಯದು.

ಟೋಕನ್ ಕೌಂಟರ್ ಮತ್ತು ದೋಸೆ ಹೆಂಚು

ಮೂರನೇ ಫೋಟೊ ಟಾಸ್ಕ್ ಮ್ಯಾನೇಜರ್‌ನದ್ದು. ಅದನ್ನು ಯಾಕೆ ಕೇಳಿದೆವು ಎಂದು ಹೇಳಬೇಕು.

ದರ್ಶಿನಿಯೊಂದರಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಕೌಂಟರ್‌ನಲ್ಲಿ ಒಬ್ಬರು ಟೋಕನ್ ಹರಿದು ಕೊಡುತ್ತಾರೆ, ಒಳಗೆ ಭಟ್ಟರು ಹೆಂಚಿನ ಮೇಲೆ ದೋಸೆ ಹುಯ್ಯುತ್ತಾರೆ. ಗೇಮ್‌ನಲ್ಲಿ ಟೋಕನ್ ಕೊಡುವುದು ಪ್ರೊಸೆಸರ್: ಯಾವ ಪಾತ್ರ ಎಲ್ಲಿದೆ, ಗುಂಡು ಯಾರಿಗೆ ತಗಲಿತು, ಯಾವ ಕಾರು ತಿರುಗಿತು ಎಂದು ಲೆಕ್ಕ ಹಾಕಿ "ಇದನ್ನು ಬರೆ" ಎಂದು ಒಳಗೆ ಕಳುಹಿಸುತ್ತದೆ. ದೋಸೆ ಹುಯ್ಯುವುದು ಗ್ರಾಫಿಕ್ಸ್ ಕಾರ್ಡ್. ಕೌಂಟರ್‌ನಲ್ಲಿ ಚಿಲ್ಲರೆ ಹುಡುಕುತ್ತ ನಿಧಾನ ಮಾಡಿದರೆ, ಹೆಂಚನ್ನು ಎರಡರಷ್ಟು ದೊಡ್ಡದು ಮಾಡಿಸಿ ಏನು ಪ್ರಯೋಜನ?

ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದೊಂದು ಫ್ರೇಮ್ 16.7 ಮಿಲಿಸೆಕೆಂಡಿನಲ್ಲಿ ಮುಗಿಯಬೇಕು. ಪ್ರೊಸೆಸರ್‌ಗೇ 25 ಮಿಲಿಸೆಕೆಂಡ್ ಬೇಕಾದರೆ ಜಗತ್ತಿನ ಅತಿ ದುಬಾರಿ ಕಾರ್ಡ್ ಹಾಕಿದರೂ 40 ಫ್ರೇಮ್ ದಾಟುವುದಿಲ್ಲ. ನಿಮ್ಮ ಕಂಪ್ಯೂಟರ್‌ನಲ್ಲಿ ಯಾರು ನಿಧಾನ ಎಂದು ತಿಳಿಯಲು ಪೈಸೆ ಖರ್ಚಿಲ್ಲದ ಪರೀಕ್ಷೆ ಇದೆ. ಗೇಮ್‌ನ ಸೆಟ್ಟಿಂಗ್‌ನಲ್ಲಿ ರೆಸಲ್ಯೂಶನ್ ಇಳಿಸಿ, 1080ಪಿ ಇದ್ದರೆ 720ಪಿ ಮಾಡಿ. ಅಂದರೆ ದೋಸೆಯನ್ನು ಚಿಕ್ಕದು ಮಾಡಿದಿರಿ. ಎಫ್‌ಪಿಎಸ್ ಚೆನ್ನಾಗಿ ಏರಿತೆಂದರೆ ನಿಧಾನವಿದ್ದದ್ದು ಹೆಂಚು, ಹೊಸ ಕಾರ್ಡಿನಿಂದ ಲಾಭವಿದೆ. ಏರಲೇ ಇಲ್ಲವೆಂದರೆ ತೊಂದರೆ ಕೌಂಟರ್‌ನಲ್ಲಿದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಗೇಮ್ ಓಡುವಾಗ ಜಿಪಿಯು 95 ಶೇಕಡಾ ಮೇಲಿದ್ದರೆ ಕಾರ್ಡ್ ದಣಿದಿದೆ. 50–60ರಲ್ಲೇ ಇದ್ದೂ ಗೇಮ್ ತಡವರಿಸುತ್ತಿದ್ದರೆ ಅದು ಕೆಲಸವಿಲ್ಲದೆ ಕಾಯುತ್ತಿದೆ. ಸಿಪಿಯು ಅಂಕಿ ಮಾತ್ರ ನೋಡಿ ಮೋಸ ಹೋಗಬೇಡಿ: ನಾಲ್ಕು ಕೋರ್‌ನಲ್ಲಿ ಒಂದೇ ಪೂರ್ತಿ ದಣಿದಿದ್ದರೂ ಅಲ್ಲಿ ಕಾಣುವುದು 25 ಶೇಕಡಾ.

ಈ ಹುಡುಗ ಆಡುವುದು ಜಿಟಿಎ 5. ಅದರ ಪಿಸಿ ಆವೃತ್ತಿ 2015ರ ಏಪ್ರಿಲ್‌ನಲ್ಲಿ ಬಂದಾಗ ತಯಾರಕರು ಶಿಫಾರಸು ಮಾಡಿದ್ದು ಐ5-3470 ಪ್ರೊಸೆಸರ್, 8 ಜಿಬಿ ರ್‍ಯಾಮ್, ಜಿಟಿಎಕ್ಸ್ 660 ಕಾರ್ಡ್. ಅವನ ಪ್ರೊಸೆಸರ್ ಇದಕ್ಕಿಂತ ಹೊಸದು, ಕಾರ್ಡ್ ಸ್ವಲ್ಪ ಕೆಳಗಿನದು. ಮಧ್ಯಮ ಸೆಟ್ಟಿಂಗ್‌ನಲ್ಲಿ ಆರಾಮಾಗಿ ಓಡಬೇಕಿತ್ತು. ಆದರೆ ಅವನು ಕಳುಹಿಸಿದ ವಿಡಿಯೊದಲ್ಲಿ ಕಾರು ತಿರುವಿನಲ್ಲಿ ಬಿಟ್ಟು ಬಿಟ್ಟು ಹೋಗುತ್ತಿತ್ತು. ಟಾಸ್ಕ್ ಮ್ಯಾನೇಜರ್‌ನಲ್ಲಿ ಎರಡು ಜಿಪಿಯು ಕಾಣುತ್ತಿದ್ದವು, ಒಂದು 99 ಶೇಕಡಾ, ಇನ್ನೊಂದು ಸೊನ್ನೆ. ಇದರ ಗುಟ್ಟು ನಾಲ್ಕನೇ ಫೋಟೊದಲ್ಲಿತ್ತು, ಅಲ್ಲಿಗೆ ಬರುತ್ತೇವೆ.

ಅವನಿಗೆ ಸೈಬರ್‌ಪಂಕ್ 2077 ಆಡುವ ಆಸೆಯೂ ಇದೆ. 2023ರ ನಂತರ ಅದರ ಕನಿಷ್ಠ ಅಗತ್ಯವೇ ಐ7-6700 ಪ್ರೊಸೆಸರ್, 12 ಜಿಬಿ ರ್‍ಯಾಮ್, 6 ಜಿಬಿಯ ಜಿಟಿಎಕ್ಸ್ 1060 ಮತ್ತು ಎಸ್‌ಎಸ್‌ಡಿ. ಇಲ್ಲಿ ಕಾರ್ಡ್ ಒಂದನ್ನೇ ಬದಲಿಸಿ ದಾಟುವ ಹಾಗಿಲ್ಲ. ಇನ್ನು 'ಇಂಡಿಯಾನಾ ಜೋನ್ಸ್ ಆ್ಯಂಡ್ ದ ಗ್ರೇಟ್ ಸರ್ಕಲ್', 'ಡೂಮ್: ದ ಡಾರ್ಕ್ ಏಜಸ್' ನಂಥವು ರೇ ಟ್ರೇಸಿಂಗ್ ಇಲ್ಲದ ಕಾರ್ಡಿನಲ್ಲಿ ತೆರೆಯುವುದೇ ಇಲ್ಲ. "ಎಲ್ಲಾ ಗೇಮ್" ಎಂಬ ಮಾತು ಇಲ್ಲಿಗೇ ಬಿದ್ದುಹೋಯಿತು.

ಹಾಗಾದರೆ ಯಾವ ಕಂಪ್ಯೂಟರ್‌ಗೆ ಯಾವ ಕಾರ್ಡ್?

ಬೆಲೆಗಳನ್ನು ಇಲ್ಲಿ ಬರೆಯುತ್ತಿಲ್ಲ. 2025ರ ಕೊನೆಯಿಂದ ಮೆಮೊರಿ ಚಿಪ್‌ಗಳ ಬೆಲೆ ಏರಿದ್ದರಿಂದ ಇಂದು ಬರೆದದ್ದು ನೀವು ಓದುವ ಹೊತ್ತಿಗೆ ಸುಳ್ಳಾಗಬಹುದು.

ಇಂಟೆಲ್‌ನ ಎರಡು, ಮೂರನೇ ತಲೆಮಾರಿನ ಪ್ರೊಸೆಸರ್ ಇದ್ದರೆ ಗೇಮ್‌ಗಾಗಿ ಕಾರ್ಡಿನ ಮೇಲೆ ಹೆಚ್ಚು ಹಣ ಹಾಕಬೇಡಿ. ಅವುಗಳಲ್ಲಿ ಎವಿಎಕ್ಸ್2 ಎಂಬ ಸೌಲಭ್ಯ ಇಲ್ಲ, ಅದನ್ನು ಬೇಡುವ ಹೊಸ ಗೇಮ್‌ಗಳು ಕಾರ್ಡ್ ಯಾವುದೇ ಇರಲಿ ಶುರುವಾಗುವುದಿಲ್ಲ.

ನಾಲ್ಕರಿಂದ ಏಳನೇ ತಲೆಮಾರಿನ, ನಾಲ್ಕು ಕೋರ್‌ನ ಐ5 ಇದ್ದು ಎಸ್‌ಎಂಪಿಎಸ್ ಬದಲಿಸುವ ಮನಸ್ಸಿಲ್ಲದವರಿಗೆ ಬೇರೆ ವೈರ್ ಬೇಡದ ಕಾರ್ಡುಗಳೇ ದಾರಿ: 70 ವ್ಯಾಟ್‌ನ ಆರ್‌ಟಿಎಕ್ಸ್ 3050 6 ಜಿಬಿ, ಅಥವಾ 75 ವ್ಯಾಟ್‌ನ, 4 ಜಿಬಿಯ ಜಿಟಿಎಕ್ಸ್ 1650. ಎರಡನೆಯದರ ಕೆಲವು ಮಾದರಿಗಳಿಗೆ 6 ಪಿನ್ ಬೇಕು, ಡಬ್ಬ ನೋಡಿ ಕೊಳ್ಳಿ. ಎಸ್‌ಎಂಪಿಎಸ್ ಕೂಡ ಬದಲಿಸುವುದಾದರೆ 8 ಜಿಬಿಯ ಆರ್‌ಎಕ್ಸ್ 6600 ಒಳ್ಳೆಯ ಜೋಡಿ. ಅದಕ್ಕಿಂತ ಮೇಲಿನದು ಈ ಪ್ರೊಸೆಸರ್‌ಗಳಿಗೆ ವ್ಯರ್ಥ. ಆರು ಕೋರ್‌ನ ಎಂಟನೇ ತಲೆಮಾರಿನ ಐ5, ಅಥವಾ ರೈಜನ್ 5 2600, 3600 ಇದ್ದವರು ಆರ್‌ಎಕ್ಸ್ 7600, ಆರ್‌ಟಿಎಕ್ಸ್ 3060 12 ಜಿಬಿ, ಆರ್‌ಟಿಎಕ್ಸ್ 4060 ತನಕ ಧೈರ್ಯವಾಗಿ ಹೋಗಬಹುದು. ರೈಜನ್‌ನವರಿಗೆ ಇನ್ನೊಂದು ಅನುಕೂಲ: ಎಎಂ4 ಬೋರ್ಡ್‌ಗಳಲ್ಲಿ ಹೆಚ್ಚಿನವು ಬಯೋಸ್ ಅಪ್‌ಡೇಟ್ ಮಾಡಿದರೆ ರೈಜನ್ 5000 ಸಾಲಿನ ಪ್ರೊಸೆಸರ್ ಒಪ್ಪುತ್ತವೆ, ಬೋರ್ಡ್ ಬದಲಿಸದೆ ಕೌಂಟರ್ ಚುರುಕಾಗುತ್ತದೆ.

ಹೊಸ ಕಾರ್ಡ್ ಹಳೆಯ ಸ್ಲಾಟ್‌ನಲ್ಲಿ ಕೂರುವುದೇ ಇಲ್ಲ ಎನ್ನುವವರೂ ಇದ್ದಾರೆ. ಅದು ತಪ್ಪು. ಪಿಸಿಐ ಎಕ್ಸ್‌ಪ್ರೆಸ್ ಹಿಂದಿನ ಆವೃತ್ತಿಗಳೊಂದಿಗೆ ಹೊಂದಿಕೊಳ್ಳುತ್ತದೆ, 4.0 ಕಾರ್ಡ್ 3.0 ಅಥವಾ 2.0 ಸ್ಲಾಟ್‌ನಲ್ಲಿ ಕೆಲಸ ಮಾಡುತ್ತದೆ. ಆದರೆ ದಾರಿ ಕಿರಿದಾಗುತ್ತದೆ, ಮತ್ತು ಕೆಲವು ಕಾರ್ಡುಗಳಿಗೆ ಅದು ತುಂಬ ನೋವಾಗುತ್ತದೆ. ಆರ್‌ಎಕ್ಸ್ 6500 ಎಕ್ಸ್‌ಟಿ ಬಳಸುವುದು ನಾಲ್ಕೇ ಸಾಲು. 4.0 ಸ್ಲಾಟ್‌ನಲ್ಲಿ ಸೆಕೆಂಡಿಗೆ ಸುಮಾರು 8 ಜಿಬಿ, 3.0ರಲ್ಲಿ 4, ನಮ್ಮ ಓದುಗರ ಮನೆಯಲ್ಲಿರುವ ಎಚ್81 ಬೋರ್ಡ್ 2.0 ಆದ್ದರಿಂದ ಬರೀ 2. ಅದರ ಮೆಮೊರಿಯೂ 4 ಜಿಬಿ ಮಾತ್ರ, ತುಂಬಿದ ಕೂಡಲೇ ಈ ಕಿರಿದಾದ ಓಣಿಯಲ್ಲೇ ಓಡಾಡಬೇಕು. ಹಳೆಯ ಬೋರ್ಡಿಗೆ ಅದು ಬೇಡ. ಇಂಟೆಲ್‌ನ ಆರ್ಕ್ ಕಾರ್ಡುಗಳೂ ಬೇಡ. ಅವಕ್ಕೆ 'ರೀಸೈಜಬಲ್ ಬಾರ್' ಎಂಬ ಸೌಲಭ್ಯ ಬೇಕು, ಇಂಟೆಲ್ ಹೇಳುವಂತೆಯೇ ಹತ್ತನೇ ತಲೆಮಾರು ಅಥವಾ ರೈಜನ್ 3000ಕ್ಕಿಂತ ಹಳೆಯ ಕಂಪ್ಯೂಟರ್‌ಗೆ ಅವು ತಕ್ಕವಲ್ಲ.

ವಿಂಡೋಸ್ ಮಾತನ್ನೂ ಮರೆಯುವಂತಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಐ5-4460 ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಇಷ್ಟು ಹಳೆಯ ಕಂಪ್ಯೂಟರ್‌ಗೆ ಕೊಳ್ಳುವ ಕಾರ್ಡನ್ನು ಮುಂದೆ ಹೊಸ ಬೋರ್ಡಿಗೆ ಸಾಗಿಸುವ ಯೋಚನೆ ಇದ್ದರೆ ಮಾತ್ರ ಕೊಳ್ಳಿ ಎನ್ನುತ್ತೇವೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಾಗಲಿ, ಆನ್‌ಲೈನ್‌ನಲ್ಲಾಗಲಿ ಹಳೆಯ ಕಾರ್ಡ್ ಕೊಳ್ಳುವುದು ತಪ್ಪೇನಲ್ಲ. ನಮ್ಮ ತಂಡದ ಒಬ್ಬರು ಹಾಗೆ ಕೊಂಡದ್ದು ನಾಲ್ಕು ವರ್ಷ ಓಡಿದೆ. ಇನ್ನೊಬ್ಬರು 'ಜಿಟಿಎಕ್ಸ್ 1050 ಟಿಐ' ಎಂದು ಆನ್‌ಲೈನ್‌ನಲ್ಲಿ ತರಿಸಿದ್ದು, ಕಂಪನಿಯ ಅಸಲಿ ಡ್ರೈವರ್ ಹಾಕಿದ ಕೂಡಲೇ ಪರದೆ ಕಪ್ಪಾಯಿತು. ಒಳಗಿದ್ದದ್ದು ಹಲವು ವರ್ಷ ಹಿಂದಿನ ಬೇರೆ ಕಾರ್ಡ್, ಅದರ ಬಯೋಸ್ ತಿದ್ದಿ ಹೆಸರು ಬದಲಿಸಿದ್ದರು. ಜಿಪಿಯು-ಜೆಡ್ ಎಂಬ ಉಚಿತ ತಂತ್ರಾಂಶ ಇಂಥ ಅನೇಕ ವೇಷಧಾರಿಗಳನ್ನು ಗುರುತಿಸಿ ಹೆಸರಿನ ಮುಂದೆ 'ಫೇಕ್' ಎಂದು ತೋರಿಸುತ್ತದೆ. ಹಣ ಕೊಡುವ ಮುನ್ನ ಅದನ್ನು ಓಡಿಸಿ ನೋಡಿ, ಕನಿಷ್ಠ ಅರ್ಧ ಗಂಟೆ ಗೇಮ್ ಆಡಿ ನೋಡಿ. ಹಾಗೆ ಬಿಡದವರಿಂದ ಕೊಳ್ಳಬೇಡಿ.

ಬಿಟ್‌ಕಾಯಿನ್ ಥರದ್ದಕ್ಕೆ ಬಳಸಿದ 'ಮೈನಿಂಗ್' ಕಾರ್ಡಿನ ಶಕ್ತಿ ಅರ್ಧಕ್ಕೆ ಇಳಿದಿರುತ್ತದೆ ಎಂಬ ಸಂದೇಶವೂ ಇದೆ. ಈಥೀರಿಯಂ 2022ರ ಸೆಪ್ಟೆಂಬರ್‌ನಲ್ಲಿ ಗ್ರಾಫಿಕ್ಸ್ ಕಾರ್ಡಿನ ಮೈನಿಂಗ್ ಕೈಬಿಟ್ಟಾಗ ಅಂಥ ಕಾರ್ಡುಗಳು ರಾಶಿ ರಾಶಿ ಮಾರುಕಟ್ಟೆಗೆ ಬಂದವು. ಚಿಪ್ ಹಾಗೆ ಅರ್ಧಕ್ಕೆ ಸವೆಯುವುದಿಲ್ಲ. ಸವೆಯುವುದು ಹಗಲೂ ರಾತ್ರಿ ತಿರುಗಿದ ಫ್ಯಾನ್, ಒಣಗುವುದು ಶಾಖ ಸಾಗಿಸುವ ಪೇಸ್ಟ್. ಅವನ್ನು ಬದಲಿಸಬಹುದು, ಆದರೆ ಆ ಖರ್ಚು ಬೆಲೆಯಲ್ಲಿ ಕಳೆದಿರಬೇಕು. ಇನ್ನು ಜಿಟಿಎಕ್ಸ್ 900, 1000 ಸಾಲಿನ ಕಾರ್ಡುಗಳಿಗೆ ಹೊಸ ಗೇಮ್‌ಗಳ ಡ್ರೈವರ್ 2025ರ ಅಕ್ಟೋಬರ್‌ಗೆ ನಿಂತಿದೆ, ಮುಂದೆ ಭದ್ರತೆಯ ಅಪ್‌ಡೇಟ್ ಮಾತ್ರ 2028ರ ಅಕ್ಟೋಬರ್ ತನಕ. ಮಾರುವವರೊಂದಿಗೆ ಚೌಕಾಸಿ ಮಾಡಲು ಇದು ಒಳ್ಳೆಯ ಮಾತು.

ಸತ್ತ ಕಾರ್ಡನ್ನು ಅಡುಗೆಯ ಓವನ್‌ನಲ್ಲಿ ಬಿಸಿ ಮಾಡಿದರೆ ಬದುಕುತ್ತದೆ ಎಂಬ ವಿಡಿಯೊ ನೋಡಿ ಯಾರೂ ಮಾಡಬೇಡಿ. ಬದುಕಿದರೂ ಕೆಲವು ದಿನ, ಆದರೆ ಪ್ಲಾಸ್ಟಿಕ್ಕಿನ ಹೊಗೆ ಕೂತ ಓವನ್‌ನಲ್ಲಿ ನಾಳೆ ಊಟ ಬೇಯಬೇಕು. ರಿಜಿಸ್ಟ್ರಿಯಲ್ಲಿ ಅಂಕಿ ತಿದ್ದಿ ಗ್ರಾಫಿಕ್ಸ್ ಮೆಮೊರಿ ಹೆಚ್ಚಿಸುವ ಉಪಾಯದಿಂದ ಬದಲಾಗುವುದು ಆ ಅಂಕಿ ಮಾತ್ರ.

ಹೊಸದು ಕೊಂಡು ಮೋಸ ಹೋದರೆ ಬಿಲ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. "ಬಿಲ್ ಬೇಡ ಅಂದ್ರೆ ಕಡಿಮೆಗೆ ಕೊಡ್ತೀನಿ" ಎನ್ನುವವರಿಂದ ಕೊಂಡರೆ ವಾರಂಟಿಯೂ ಕಷ್ಟ, ದೂರು ಕೊಡುವುದೂ ಕಷ್ಟ.

ನಾಲ್ಕನೇ ಫೋಟೊ

ಕಂಪ್ಯೂಟರ್‌ನ ಹಿಂಭಾಗದ ಫೋಟೊ ಕೊನೆಗೆ ಬಂತು. ಮಾನಿಟರ್ 19 ಇಂಚಿನ ಹಳೆಯದು, ವಿಜಿಎ ಮಾತ್ರ ಇರುವಂಥದ್ದು, 1366×768. ಪರದೆಯ ಚುಕ್ಕೆಗಳು 1080ಪಿಯ ಅರ್ಧದಷ್ಟೇ, ಅಂದರೆ ಕಾರ್ಡಿಗೆ ಕೆಲಸವೂ ಅಷ್ಟು ಕಡಿಮೆ. ಮಾನಿಟರ್‌ನ ನೀಲಿ ತುದಿಯ ಕೇಬಲ್ ಮೇಲ್ಗಡೆ, ಯುಎಸ್‌ಬಿ ರಂಧ್ರಗಳ ಪಕ್ಕ, ಮದರ್‌ಬೋರ್ಡಿನ ವಿಜಿಎಗೆ ಹೋಗಿತ್ತು. ಕೆಳಗೆ ಅಡ್ಡ ಕೂತ 750 ಟಿಐನ ಬಾಯಿಗಳು ಖಾಲಿ.

ಹಾಗೆ ಹಚ್ಚಿದಾಗ ಗೇಮ್ ಸಾಮಾನ್ಯವಾಗಿ ಪ್ರೊಸೆಸರ್ ಒಳಗಿನ ಚಿಕ್ಕ ಇಂಟೆಲ್ ಗ್ರಾಫಿಕ್ಸ್ ಮೇಲೆಯೇ ಓಡುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ 99 ಶೇಕಡಾ ದಣಿಯುತ್ತಿದ್ದದ್ದು ಅದು. ಸೊನ್ನೆ ತೋರಿಸುತ್ತಿದ್ದದ್ದು ಮಾವ ಸಂಬಳ ಕೊಟ್ಟು ಕೊಂಡಿದ್ದ ಕಾರ್ಡ್. ಬೆಂಗಳೂರಿನಿಂದ ತರುವಾಗ ಕಾರ್ಡಿಗೂ ಮಾನಿಟರ್‌ಗೂ ನಡುವಿನ ಚಿಕ್ಕ ಕನ್ವರ್ಟರ್ ಕಳೆದುಹೋಗಿತ್ತಂತೆ. ಊರಿನಲ್ಲಿ ಜೋಡಿಸಿಕೊಟ್ಟವರು ಕೇಬಲ್ ಎಲ್ಲಿ ಹೊಂದುತ್ತದೋ ಅಲ್ಲಿ ಹಚ್ಚಿ, ಬಯೋಸ್‌ನಲ್ಲಿ ಒಳಗಿನ ಗ್ರಾಫಿಕ್ಸ್ ಆನ್ ಮಾಡಿ ಹೋಗಿದ್ದರು. ಚಿತ್ರ ಬಂತು, ಯಾರಿಗೂ ಅನುಮಾನ ಬರಲಿಲ್ಲ.

750 ಟಿಐನಲ್ಲಿ ಡಿವಿಐ-ಐ ಬಾಯಿ ಇರುವುದರಿಂದ ಅದಕ್ಕೆ ಸಾದಾ ಡಿವಿಐ–ವಿಜಿಎ ಕನ್ವರ್ಟರ್ ಸಾಕು. ಜಿಟಿಎಕ್ಸ್ 1000 ಸಾಲಿನಿಂದೀಚೆಗಿನ ಕಾರ್ಡುಗಳಲ್ಲಿ ಆ ಸೌಲಭ್ಯ ಇಲ್ಲ, ವಿಜಿಎ ಮಾನಿಟರ್ ಇದ್ದವರು ಒಳಗೆ ಚಿಪ್ ಇರುವ ಎಚ್‌ಡಿಎಂಐ–ವಿಜಿಎ ಕನ್ವರ್ಟರ್ ಕೊಳ್ಳಬೇಕು.

ಕನ್ವರ್ಟರ್ ಹಚ್ಚಿದ ದಿನ ಸಂಜೆ ಅವರಿಂದ ಒಂದು ವಾಯ್ಸ್ ಮೆಸೇಜ್ ಬಂತು. ಹಿಂದೆ ಗೇಮ್‌ನ ಕಾರಿನ ಸದ್ದು, ನಡುವೆ ಮಗನ ದನಿ. ಸಂಘದ ಸಾಲ ಆ ತಿಂಗಳು ಬೇರೆಯವರಿಗೆ ಹೋಯಿತಂತೆ. ಎಸ್‌ಎಂಪಿಎಸ್ ಮಾತ್ರ ಮೊದಲು ಬದಲಿಸಿ ಎಂದು ನಾವು ಮತ್ತೆ ಬರೆದೆವು. "ಅದನ್ನ ಅವನ ಮಾವನೇ ಕೊಡಿಸ್ತಾನೆ ಬಿಡಿ, ಕನ್ವರ್ಟರ್ ಕಳೆದಿದ್ದು ಅವನೇ ತಾನೆ" ಎಂದು ಉತ್ತರ ಬಂತು.